ಹೊಲಿಗೆ ಬಿಚ್ಚಿದ ಮೇಲೆ ಬಿಸಿಲಿನ ಪಥ್ಯ

ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದವರಿಗೆ ನಮ್ಮ ಕಡೆ ಎಂಥ ಪಥ್ಯ ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೊಟ್ಟೆ ನಂಜು, ಕೆಲವು ಮನೆಗಳಲ್ಲಿ ಬೇಳೆಯೂ ನಂಜು. ನೋಡಲು ಬಂದ ನೆಂಟರೆಲ್ಲ ಒಂದೊಂದು ಪದಾರ್ಥವನ್ನು ಪಟ್ಟಿಗೆ ಸೇರಿಸಿ ಹೋಗುತ್ತಾರೆ. ಕೊನೆಗೆ ರೋಗಿಗೆ ಉಳಿಯುವುದು ಅನ್ನ ಮತ್ತು ಮೆಣಸಿನ ಸಾರು. ಇಷ್ಟು ಕಟ್ಟುನಿಟ್ಟು ಮಾಡುವ ಅದೇ ಮನೆಯವರು ಹೊಲಿಗೆ ಬಿಚ್ಚಿದ ವಾರಕ್ಕೆಲ್ಲ ರೋಗಿಯನ್ನು ಕಣದಲ್ಲೋ, ತಾರಸಿಯ ಮೇಲೋ, ಬಸ್ ಸ್ಟ್ಯಾಂಡಿನಲ್ಲೋ ನಡುಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸುತ್ತಾರೆ. ಹೊಸ ಗಾಯದ ಕಲೆಗೆ ನಿಜವಾಗಿ ಆಗಿಬಾರದ ಆ ಒಂದು ವಸ್ತುವಿನ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ.

ತಪ್ಪು ಮನೆಯವರದಷ್ಟೇ ಅಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡವರನ್ನು ಕಪ್ಪು ಕನ್ನಡಕ ಹಾಕಿ ಕಳಿಸುವ ರೂಢಿ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಅಜ್ಜಿಯೊಬ್ಬರು ಆ ಕನ್ನಡಕ ಹಾಕಿಕೊಂಡು ಬಸ್ ಹತ್ತಿದರೆ ಊರಿಗೆಲ್ಲ ವಿಷಯ ತಿಳಿಯುತ್ತದೆ. ಆದರೆ ಕುತ್ತಿಗೆಯ ಆಪರೇಷನ್ ಆದವರಿಗೆ, ಮುಖಕ್ಕೆ ಹತ್ತಾರು ಹೊಲಿಗೆ ಬಿದ್ದವರಿಗೆ ಬಿಸಿಲಿನ ಮಾತನ್ನು ಹೇಳಿ ಕಳಿಸುವವರು ಕಡಿಮೆ. ನನ್ನ ಮೇಜಿಗೆ ಬರುವ ಡಿಸ್ಚಾರ್ಜ್ ಚೀಟಿಗಳಲ್ಲಿ ಮಾತ್ರೆಗಳ ಹೆಸರು, ಡ್ರೆಸ್ಸಿಂಗ್ ದಿನ, ಮತ್ತೆ ಬರಬೇಕಾದ ದಿನಾಂಕ ಎಲ್ಲ ಇರುತ್ತವೆ. 'ಕಲೆಯನ್ನು ಬಿಸಿಲಿನಿಂದ ಮುಚ್ಚಿಕೊಳ್ಳಿ' ಎಂಬ ಮೂರು ಪದ ಕಂಡದ್ದು ಬಲು ಅಪರೂಪ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ಹೊಲಿಗೆ ಬಿಚ್ಚಿದ ದಿನ ಗಾಯ ಮೇಲ್ನೋಟಕ್ಕೆ ಕೂಡಿಕೊಂಡಿರುತ್ತದೆ, ಅಷ್ಟೆ. ಮೂರನೆಯ ವಾರದಲ್ಲಿ ಆ ಜಾಗದ ಬಲ ಮೊದಲಿದ್ದ ಚರ್ಮದ ಬಲದ ಶೇ 20ರ ಆಸುಪಾಸಿನಲ್ಲಿರುತ್ತದೆ. ಮೂರು ತಿಂಗಳಾದ ಮೇಲೆ ಶೇ 80ರ ಹತ್ತಿರ ಬರಬಹುದು. ಪೂರ್ತಿ ನೂರಾಗುವುದು ಎಂದಿಗೂ ಇಲ್ಲ. ಕೊಲಾಜೆನ್ ಎಂಬ ನಾರಿನ ಎಳೆಗಳನ್ನು ದೇಹ ಮೊದಲು ಅವಸರದಲ್ಲಿ ಹೇಗೆಂದರೆ ಹಾಗೆ ತುಂಬಿ, ಆಮೇಲೆ ನಿಧಾನವಾಗಿ ಬಿಚ್ಚಿ ಮತ್ತೆ ನೇಯುತ್ತದೆ. ಈ ನೇಯ್ಗೆ ಒಂದು ವರ್ಷ, ಕೆಲವರಲ್ಲಿ ಒಂದೂವರೆ ವರ್ಷ ನಡೆಯುತ್ತದೆ. ಅಲ್ಲಿಯವರೆಗೆ ಕಲೆ ಕೆಂಪಗೆ ಅಥವಾ ಕಂದುಗೆಂಪಗೆ ಇರುತ್ತದೆ, ಮುಟ್ಟಿದರೆ ಗಟ್ಟಿ ಎನಿಸುತ್ತದೆ, ಆಗಾಗ ಕಡಿತವೂ ಇರುತ್ತದೆ. ಅದು ಇನ್ನೂ ಮಾಗದ ಕಲೆ.

ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಗಾಯದ ಅಂಚಿನಲ್ಲಿ ಈ ಅವಧಿಯುದ್ದಕ್ಕೂ ಕೆರಳಿರುತ್ತವೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಬಿದ್ದರೆ ಅವು ಸುತ್ತಲಿನ ಚರ್ಮಕ್ಕಿಂತ ಎಷ್ಟೋ ಹೆಚ್ಚು ಮೆಲನಿನ್ ಸುರಿಯುತ್ತವೆ. ಹೀಗೆ ಸುರಿದ ಬಣ್ಣ ಮೇಲ್ಪದರದಲ್ಲಿದ್ದರೆ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಚರ್ಮದ ಒಳಪದರಕ್ಕೆ ಇಳಿದರೆ ವರ್ಷಗಟ್ಟಲೆ ಹೋಗುವುದಿಲ್ಲ, ಕೆಲವೊಮ್ಮೆ ಹೋಗುವುದೇ ಇಲ್ಲ. ತೆಳ್ಳಗೆ ದಾರದ ಹಾಗೆ ಉಳಿಯಬೇಕಾಗಿದ್ದ ಗೆರೆ ಇದ್ದಿಲಿನಲ್ಲಿ ಎಳೆದ ಹಾಗೆ ಕಾಣುತ್ತದೆ.

'ಡಾಕ್ಟ್ರೇ, ನಾವು ಮೊದಲೇ ಕಪ್ಪಗಿದ್ದೀವಿ, ಬಿಸಿಲು ನಮಗೇನು ಮಾಡುತ್ತೆ?' ಎಂದು ಕೇಳುವವರು ತುಂಬ ಜನ. ವಿಷಯ ತಿರುಗಾ ಇದೆ. ಬಿಳಿ ಚರ್ಮದವರಿಗೆ ಬಿಸಿಲಿನಲ್ಲಿ ಚರ್ಮ ಸುಡುವ ಕಾಟ ಹೆಚ್ಚು. ನಮ್ಮಂಥ ಗೋಧಿ ಬಣ್ಣದವರಿಗೆ, ಕಪ್ಪು ಬಣ್ಣದವರಿಗೆ ಗಾಯವಾದ ಜಾಗ ಕಪ್ಪಾಗಿ ಉಳಿಯುವ ಕಾಟ ಹೆಚ್ಚು. ಒಂದು ಸೊಳ್ಳೆ ಕಚ್ಚಿದ ಗುರುತು ನಮ್ಮ ಮಕ್ಕಳ ಕಾಲ ಮೇಲೆ ತಿಂಗಳುಗಟ್ಟಲೆ ನಿಲ್ಲುವುದಿಲ್ಲವೇ? ಇದೂ ಹಾಗೆಯೇ.

ಇನ್ನು ನಮ್ಮ ಬಿಸಿಲಿನ ಮಾತು. ಚಿತ್ರದುರ್ಗ 14 ಡಿಗ್ರಿ ಉತ್ತರ ಅಕ್ಷಾಂಶದ ಸುತ್ತಮುತ್ತ ಇರುವ ಊರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳೂ ಅದೇ ಸಾಲಿನವು. ಇಲ್ಲಿ ಸೂರ್ಯ ವರ್ಷದಲ್ಲಿ ಎರಡು ಸಲ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಒಂದು ಏಪ್ರಿಲ್ ಕೊನೆಯ ವಾರ, ಇನ್ನೊಂದು ಆಗಸ್ಟ್ ನಡುವಿನಲ್ಲಿ, ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನಲ್ಲಿ. ಏಪ್ರಿಲ್ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ, ಕಲ್ಲು ಬಂಡೆಗಳ ಝಳಕ್ಕೆ ತಾವಾಗಿಯೇ ನೆರಳು ಹುಡುಕುತ್ತಾರೆ. ನನಗೆ ಹೆಚ್ಚು ಚಿಂತೆ ಆಷಾಢ, ಶ್ರಾವಣದ್ದು. ಆಗ ನಮ್ಮ ಕಡೆ ಮಳೆಗಿಂತ ಗಾಳಿಯೇ ಜಾಸ್ತಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ಗಿರಗಿರನೆ ತಿರುಗುತ್ತಿರುತ್ತವೆ, ಮೈಗೆ ತಂಪು, ಮೇಲೆ ಚೂರುಪಾರು ಮೋಡ. ಬಿಸಿಲೇ ಇಲ್ಲವೆಂದುಕೊಂಡು ಜನ ದಿನವಿಡೀ ಬಯಲಿನಲ್ಲಿರುತ್ತಾರೆ. ಆದರೆ ಚರ್ಮವನ್ನು ಕಪ್ಪಾಗಿಸುವುದು ಸೆಕೆಯಲ್ಲ, ಅತಿನೇರಳೆ ಕಿರಣ. ತೆಳು ಮೋಡದಲ್ಲಿ ಅದು ಬಹುಪಾಲು ಸೋಸಿ ಬರುತ್ತದೆ, ಗಾಳಿ ಅದನ್ನು ತಂಪು ಮಾಡುವುದಿಲ್ಲ.

ಹವಾಮಾನದ ಲೆಕ್ಕ ಇಡುವವರು ಅತಿನೇರಳೆ ಸೂಚ್ಯಂಕ ಎಂಬ ಒಂದು ಅಂಕಿಯನ್ನು ಹೇಳುತ್ತಾರೆ. 3 ದಾಟಿದರೆ ರಕ್ಷಣೆ ಬೇಕು, 11 ದಾಟಿದರೆ ವಿಪರೀತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟ. ದಕ್ಷಿಣ ಭಾರತದಲ್ಲಿ ಬೇಸಗೆಯ ಮಧ್ಯಾಹ್ನ 11 ದಾಟುವುದು ವಿಶೇಷವೇನಲ್ಲ. ಈ ಅಂಕಿ ನೋಡುವ ಮೊಬೈಲು ಎಲ್ಲರ ಕೈಯಲ್ಲೂ ಇರಬೇಕೆಂದಿಲ್ಲ. ನೆಲದ ಮೇಲೆ ನಿಮ್ಮ ನೆರಳು ನೋಡಿಕೊಳ್ಳಿ. ನೆರಳು ನಿಮಗಿಂತ ಗಿಡ್ಡಗಿದ್ದರೆ ಕಿರಣ ಜೋರಾಗಿದೆ ಎಂದರ್ಥ, ಉದ್ದವಿದ್ದರೆ ಅಷ್ಟು ಭಯವಿಲ್ಲ.

ಯಾರ ಕಲೆಗೆ ಈ ಕಾಳಜಿ ಹೆಚ್ಚು ಬೇಕು? ಸಿಸೇರಿಯನ್ ಆದವರು, ಗರ್ಭಕೋಶ ತೆಗೆಸಿಕೊಂಡವರು ಈ ವಿಷಯದಲ್ಲಿ ನಿಶ್ಚಿಂತೆಯಿಂದ ಇರಬಹುದು, ಸೀರೆಯ ನೆರಿಗೆಯೇ ಅವರಿಗೆ ಕವಚ. ತೊಂದರೆ ಇರುವುದು ತೆರೆದ ಜಾಗದ ಕಲೆಗಳಿಗೆ. ಥೈರಾಯ್ಡ್ ಗಡ್ಡೆ ತೆಗೆದಾಗ ಕುತ್ತಿಗೆಯ ಬುಡದಲ್ಲಿ, ಸರ ಹಾಕುವ ಜಾಗದಲ್ಲಿ ಅಡ್ಡಗೆರೆ ಬೀಳುತ್ತದೆ. ಶಸ್ತ್ರವೈದ್ಯರು ಚರ್ಮದ ಸಹಜ ಮಡಿಕೆಯಲ್ಲೇ ಕೊಯ್ದು, ಕಾಣದ ಹಾಗೆ ಹೊಲಿದಿರುತ್ತಾರೆ. ಆ ಗೆರೆ ಚೆನ್ನಾಗಿ ಮಾಗಿದರೆ ವರ್ಷದ ನಂತರ ಹತ್ತಿರ ಬಂದು ನೋಡಿದರೂ ತಿಳಿಯದು. ಹೊಸದುರ್ಗದ ಕಡೆಯ ಒಬ್ಬ ಹುಡುಗಿ, ಇನ್ನೂ ಮದುವೆಯಾಗಬೇಕಾದವಳು, ಆಪರೇಷನ್ ಆದ ಐದನೆಯ ವಾರಕ್ಕೆ ದಾಳಿಂಬೆ ತೋಟದ ಕೆಲಸಕ್ಕೆ ಹೋದಳು. ಮೂರು ತಿಂಗಳ ಮೇಲೆ ನನ್ನಲ್ಲಿಗೆ ಬಂದಾಗ ಆ ಗೆರೆ ಬೆರಳಗಲದ ಕಪ್ಪು ಪಟ್ಟಿಯಾಗಿತ್ತು. ಜೊತೆಗೆ ಬಂದ ತಾಯಿ ಕೇಳಿದ್ದು ಕಾಯಿಲೆಯ ಬಗ್ಗೆ ಅಲ್ಲ. 'ನೋಡೋಕೆ ಬಂದವರು ಇದೇನು ಅಂತ ಕೇಳಿದರೆ ಏನು ಹೇಳೋದು ಸಾರ್?' ಎಂದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕುತ್ತಿಗೆಯ ಕಲೆಯನ್ನು ಲೆಕ್ಕ ಹಾಕುವವರ ಬಗ್ಗೆ ನನಗೂ ಸಿಟ್ಟಿದೆ. ಆದರೆ ಆ ಸಿಟ್ಟಿನಿಂದ ಆ ತಾಯಿಯ ರಾತ್ರಿಯ ನಿದ್ದೆ ಬರುವುದಿಲ್ಲವಲ್ಲ.

ಮೂತ್ರಪಿಂಡದ ಆಪರೇಷನ್ನಿಗೆ ಪಕ್ಕೆಯಲ್ಲಿ, ಬೆನ್ನಿನ ಆಪರೇಷನ್ನಿಗೆ ಸೊಂಟದ ಮೇಲೆ ಬೀಳುವ ಹೊಲಿಗೆಯನ್ನು ಯಾರೂ ತೆರೆದ ಜಾಗವೆಂದು ಭಾವಿಸುವುದಿಲ್ಲ. ಸೀರೆ ಉಟ್ಟು ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರನ್ನು ಒಮ್ಮೆ ನೆನೆಸಿಕೊಳ್ಳಿ. ಬಗ್ಗಿದಾಗ ರವಿಕೆಗೂ ಸೀರೆಗೂ ನಡುವಿನ ಬೆನ್ನು ಆಕಾಶಕ್ಕೆ ಮುಖ ಮಾಡಿರುತ್ತದೆ, ಅದೂ ದಿನಕ್ಕೆ ಆರೇಳು ತಾಸು. ಕಳೆ ಕೆಲಸದ ಕಾಲವೂ ನಾನು ಹೇಳಿದ ಆ ಗಾಳಿ ದಿನಗಳೇ. ಗಂಡಸರದು ಇನ್ನೊಂದು ಬಗೆ. ಹೃದಯದ ಬೈಪಾಸ್ ಆದವರಿಗೆ ಎದೆಯ ಗೆರೆಯ ಜೊತೆಗೆ, ರಕ್ತನಾಳ ತೆಗೆದ ಕಾಲಿನ ಮೇಲೂ ಉದ್ದನೆಯ ಗೆರೆ ಇರುತ್ತದೆ. ಎದೆಯನ್ನು ಅಂಗಿ ಮುಚ್ಚುತ್ತದೆ, ಪಂಚೆ ಎತ್ತಿ ಕಟ್ಟಿ ತೆಂಗಿನ ತೋಟಕ್ಕೆ ನೀರು ಬಿಡಲು ನಿಂತವರ ಕಾಲನ್ನು ಯಾರು ಮುಚ್ಚಬೇಕು? ಇನ್ನು ಹೆದ್ದಾರಿ ಹಾದುಹೋಗುವ ಹಿರಿಯೂರು, ಚಿತ್ರದುರ್ಗಗಳಲ್ಲಿ ಬೈಕಿನಿಂದ ಬಿದ್ದು ಹಣೆ, ಗಲ್ಲ ಹೊಲಿಸಿಕೊಂಡು ಬರುವ ಹುಡುಗರಿಗೆ ಕೊರತೆಯಿಲ್ಲ. ಎಂಟು ದಿನಕ್ಕೆ ಹೊಲಿಗೆ ಬಿಚ್ಚಿಸಿಕೊಂಡು ಒಂಬತ್ತನೆಯ ದಿನ ಅದೇ ಬೈಕಿನ ಮೇಲೆ ಇರುತ್ತಾರೆ. ಹೆಲ್ಮೆಟ್ ಆಗಲೂ ಟ್ಯಾಂಕಿನ ಮೇಲೆಯೇ.

'ಒಂದು ವರ್ಷ ಬಿಸಿಲಿಗೆ ಹೋಗಬೇಡಿ' ಎಂದು ಹೇಳುವುದು ಸುಲಭ. ಹೊಲದ ಕೂಲಿಯಿಂದ ಸಂಸಾರ ನಡೆಸುವವರಿಗೆ ಹಾಗೆ ಹೇಳುವ ವೈದ್ಯರಿಗೆ ಊರಿನ ಪರಿಚಯವಿಲ್ಲ ಎಂದೇ ನಾನು ತಿಳಿಯುತ್ತೇನೆ. ಮುಚ್ಚಬೇಕಾದದ್ದು ಮೈಯನ್ನಲ್ಲ, ಎರಡು ಮೂರು ಅಂಗುಲದ ಒಂದು ಗೆರೆಯನ್ನು. ಕೆಲಸಕ್ಕೆ ಹೋಗಿ, ಗೆರೆ ಮುಚ್ಚಿಕೊಂಡು ಹೋಗಿ.

ಮುಚ್ಚಲು ಎಲ್ಲಕ್ಕಿಂತ ಒಳ್ಳೆಯದು ಬಟ್ಟೆ. ಬಿಸಿಲಿನ ಮಾತು ಬಂದ ಕೂಡಲೇ ಕ್ರೀಮಿನ ಹೆಸರು ಹೇಳುವ ಅಭ್ಯಾಸ ಈಚೆಗೆ ಹೆಚ್ಚಾಗಿದೆ, ನನಗದು ಅಷ್ಟು ಸರಿಕಾಣುವುದಿಲ್ಲ. ಕುತ್ತಿಗೆಯ ಕಲೆಗೆ ಸೆರಗನ್ನು ಮುಂದಿನಿಂದ ಸುತ್ತಿ ಹಿಂದಕ್ಕೆ ಸಿಕ್ಕಿಸಿಕೊಳ್ಳಬಹುದು, ದುಪಟ್ಟಾ ಆದರೆ ಇನ್ನೂ ಸಲೀಸು. ಸೊಂಟದ ಕಲೆಯವರು ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಶರ್ಟು ಹಾಕಿಕೊಳ್ಳಲಿ, ನಮ್ಮ ಹೊಲಗಳಲ್ಲಿ ಎಷ್ಟೋ ಹೆಂಗಸರು ಹೇಗೂ ಹಾಗೆಯೇ ಕೆಲಸ ಮಾಡುತ್ತಾರೆ. ಹಣೆಗೆ ಟವೆಲಿನ ರುಮಾಲು ಸ್ವಲ್ಪ ಕೆಳಗಿಳಿಸಿ ಸುತ್ತಿದರೆ ಸಾಕು. ಮಕ್ಕಳಿಗೆ ಅಂಚಗಲದ ಟೋಪಿ ಕೊಡಿಸಿ, ಶಾಲೆಯಲ್ಲಿ ಆಕ್ಷೇಪಿಸಿದರೆ ಮೇಷ್ಟ್ರಿಗೆ ವೈದ್ಯರಿಂದ ಒಂದು ಚೀಟಿ ಬರೆಸಿಕೊಡಿ. ಬಟ್ಟೆ ತೀರ ಜಾಳಾಗಿರಬಾರದು. ಎತ್ತಿ ಬೆಳಕಿಗೆ ಹಿಡಿದು ನೋಡಿ. ಆಚೆಯ ಬೆಳಕು ಚೆನ್ನಾಗಿ ಕಂಡರೆ ಎರಡು ಮಡಿಕೆ ಮಾಡಿ. ತೆಳು ಬಿಳಿ ಹತ್ತಿ ಬಟ್ಟೆ ಬೆವರಿನಲ್ಲಿ ಒದ್ದೆಯಾದರೆ ಕಿರಣವನ್ನು ಇನ್ನಷ್ಟು ಒಳಗೆ ಬಿಡುತ್ತದೆ. ಗಾಢ ಬಣ್ಣದ ಒತ್ತು ನೇಯ್ಗೆ ಉತ್ತಮ. ಛತ್ರಿ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಕಿರಣದ ದೊಡ್ಡ ಪಾಲು ನೆತ್ತಿಯಿಂದಲ್ಲ, ಸುತ್ತಲಿನ ಆಕಾಶದಿಂದ ಚದುರಿ ಬರುತ್ತದೆ.

ಬಟ್ಟೆ ನಿಲ್ಲದ ಜಾಗಗಳಿಗೆ, ಅಂದರೆ ಗಲ್ಲ, ಕೆನ್ನೆ, ಕೈಯ ಹಿಂಬದಿಗೆ, ಔಷಧಿ ಅಂಗಡಿಯಲ್ಲಿ ಸಿಗುವ ಮೈಬಣ್ಣದ ಕಾಗದದ ಪ್ಲಾಸ್ಟರ್ ಇದೆ. ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಅಂಟಿಸಲು ಬಳಸುವುದೂ ಅದನ್ನೇ. ಗಾಯ ಪೂರ್ತಿ ಮುಚ್ಚಿದ ಮೇಲೆ ಗೆರೆಯ ಉದ್ದಕ್ಕೂ ಅದನ್ನು ಅಂಟಿಸಿದರೆ ಎರಡು ಲಾಭ: ಬಿಸಿಲು ತಡೆಯುತ್ತದೆ, ಗೆರೆಯನ್ನು ಎರಡೂ ಕಡೆಗೆ ಎಳೆಯುವ ಸೆಳೆತವೂ ಕಡಿಮೆಯಾಗಿ ಕಲೆ ಅಗಲವಾಗದು. ಸ್ನಾನದಲ್ಲಿ ನೆನೆದರೆ ಒರೆಸಿ ಒಣಗಿಸಿ, ಅಂಚು ಎದ್ದಾಗ ಮಾತ್ರ ಬದಲಿಸಿ. ದಿನವೂ ಕಿತ್ತು ಅಂಟಿಸುವುದು ಬೇಡ. ಕಡಿತ, ಗುಳ್ಳೆ ಬಂದರೆ ನಿಲ್ಲಿಸಿ.

ಇಷ್ಟಾದ ಮೇಲೆ ಸನ್‌ಸ್ಕ್ರೀನ್. ಸ್ಥಿತಿವಂತರು ಬಳಸಬಹುದು, ಉಪಯೋಗವಿದೆ. ಎಸ್‌ಪಿಎಫ್ 30 ಅಥವಾ ಮೇಲ್ಪಟ್ಟದ್ದು, ಎರಡೂ ಬಗೆಯ ಅತಿನೇರಳೆ ಕಿರಣ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವಂಥದ್ದು ಇರಲಿ. ನಮ್ಮ ಚರ್ಮದವರಿಗೆ ಮೈಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಹೆಚ್ಚು ಸೂಕ್ತ. ಅದರಲ್ಲಿರುವ ಐರನ್ ಆಕ್ಸೈಡ್ ಬರಿಗಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ತಡೆಯುತ್ತದೆ, ಆ ಬೆಳಕೂ ಕಪ್ಪು ಚರ್ಮದಲ್ಲಿ ಕಲೆಯನ್ನು ಗಾಢವಾಗಿಸುತ್ತದೆ. ಹೊರಡುವ ಕಾಲು ಗಂಟೆ ಮೊದಲು ಧಾರಾಳವಾಗಿ ಹಚ್ಚಬೇಕು, ಬಯಲಿನಲ್ಲಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಬೆಳಿಗ್ಗೆ ಒಂದು ಚುಕ್ಕೆ ಸವರಿಕೊಂಡು ಸಂಜೆಯವರೆಗೆ ರಕ್ಷಣೆ ಇದೆ ಎಂದುಕೊಳ್ಳುವವರಿಗೆ ಬಟ್ಟೆಯೇ ಮೇಲು. ಒಂದು ಟ್ಯೂಬಿನ ಬೆಲೆ ಒಂದು ದಿನದ ಕೂಲಿಗೆ ಸಮ ಎಂಬುದನ್ನೂ ಮರೆಯಬಾರದು. ಮತ್ತೊಂದು ಮಾತು: ತೆರೆದ ಗಾಯಕ್ಕೆ, ನೀರು ಒಸರುವ ಗಾಯಕ್ಕೆ, ಹಕ್ಕಳೆ ಬಿದ್ದಿರದ ಜಾಗಕ್ಕೆ ಯಾವ ಸನ್‌ಸ್ಕ್ರೀನನ್ನೂ ಹಚ್ಚಕೂಡದು. ಸಾಮಾನ್ಯವಾಗಿ ಎರಡು ಮೂರು ವಾರ ಕಳೆಯಬೇಕು. ಅಲ್ಲಿಯವರೆಗೆ ಡ್ರೆಸ್ಸಿಂಗ್ ಮತ್ತು ಬಟ್ಟೆ.

ಮನೆಮದ್ದಿನ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವೇ. ಅರಿಶಿನ, ಕೊಬ್ಬರಿ ಎಣ್ಣೆ ಮುಚ್ಚಿದ ಗಾಯಕ್ಕೆ ದೊಡ್ಡ ಕೇಡು ಮಾಡುವುದಿಲ್ಲ, ಆದರೆ ಬಿಸಿಲನ್ನು ತಡೆಯುತ್ತವೆ ಎಂದು ನಂಬಬೇಡಿ. ನಿಂಬೆಹಣ್ಣು ಮಾತ್ರ ಖಂಡಿತ ಬೇಡ. ಕಲೆ ತಿಳಿಯಾಗಲೆಂದು ನಿಂಬೆರಸ ಉಜ್ಜಿ ಬಿಸಿಲಿಗೆ ಹೋದರೆ, ಆ ರಸದಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಬೇಯಿಸಿಬಿಡುತ್ತವೆ. ಬೊಬ್ಬೆ ಏಳುತ್ತದೆ, ಬೊಬ್ಬೆ ಒಣಗಿದ ಮೇಲೆ ಮೊದಲಿಗಿಂತ ಕಪ್ಪಾಗುತ್ತದೆ. ಅದಕ್ಕಿಂತ ಅಪಾಯಕಾರಿಯಾದದ್ದು, ಗುರುತಿನವರು ಹೇಳಿದರೆಂದು ಅಂಗಡಿಯಿಂದ ತಂದು ಹಚ್ಚುವ ಬೆಳ್ಳಗಾಗುವ ಮುಲಾಮು. ಇವುಗಳಲ್ಲಿ ಎಷ್ಟೋ ಸ್ಟಿರಾಯ್ಡ್ ಸೇರಿದವು. ಮೊದಲ ವಾರಗಳಲ್ಲಿ ಮಾಯ ಮಾಡಿದ ಹಾಗೆ ಕಲೆ ತಿಳಿಯಾಗುತ್ತದೆ, ಆಮೇಲೆ ಚರ್ಮ ಹಪ್ಪಳದಂತೆ ತೆಳುವಾಗಿ ಬಿಸಿಲಿಗೆ ಇನ್ನೂ ಸುಲಭದ ತುತ್ತಾಗುತ್ತದೆ. ವೈದ್ಯರ ಚೀಟಿ ಇಲ್ಲದೆ ಇಂಥ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಮಾರಾಟ ನಿಂತಿದೆಯೇ ಎಂದು ನನ್ನನ್ನು ಕೇಳಬೇಡಿ, ನಿಮ್ಮ ಬೀದಿಯ ಅಂಗಡಿಯಲ್ಲಿ ನೀವೇ ನೋಡಿರುತ್ತೀರಿ.

ಹಿರಿಯರಲ್ಲಿ ಇನ್ನೊಂದು ನಂಬಿಕೆ ಬಲವಾಗಿದೆ: ಗಾಯಕ್ಕೆ ಬಿಸಿಲು ಕಾಯಿಸಿದರೆ ಬೇಗ ಒಣಗುತ್ತದೆ ಎಂದು. ಒಣಗುವುದೂ ಮಾಯುವುದೂ ಒಂದೇ ಅಲ್ಲ. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿ, ಗಾಳಿಗೆ ಒಣಬಿಟ್ಟ ಗಾಯಕ್ಕಿಂತ ಮುಚ್ಚಿ ತೇವ ಕಾಪಾಡಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುತ್ತದೆ ಎಂದು ತೋರಿಸಿದ. ಇಂದಿನ ಡ್ರೆಸ್ಸಿಂಗ್ ಪದ್ಧತಿ ನಿಂತಿರುವುದು ಆ ತಿಳಿವಳಿಕೆಯ ಮೇಲೆ. ಬಿಸಿಲಿನಿಂದ ಸಿಗುವ 'ಡಿ' ಜೀವಸತ್ವದ ಬಗ್ಗೆ ಕೇಳುವವರೂ ಇದ್ದಾರೆ. ಮೂರಂಗುಲದ ಕಲೆ ಮುಚ್ಚಿಕೊಂಡು ಕೈಕಾಲಿಗೆ ಬಿಸಿಲು ಬಿಟ್ಟುಕೊಳ್ಳಲು ಅಡ್ಡಿಯೇನಿಲ್ಲ. ನಂಜಿನ ಪಟ್ಟಿಯ ವಿಚಾರಕ್ಕೆ ಬಂದರೆ, ಹೊಸ ಚರ್ಮ ನೇಯಲು ದೇಹಕ್ಕೆ ಬೇಕಾಗಿರುವುದು ಬೇಳೆ, ಮೊಟ್ಟೆ, ಸೊಪ್ಪು, ಹಣ್ಣುಗಳೇ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ತಮ್ಮ ವೈದ್ಯರು ಹೇಳಿದ ಪಥ್ಯ ಬಿಡಬಾರದು.

ಎಲ್ಲ ಕೆಟ್ಟ ಕಲೆಗೂ ಬಿಸಿಲೇ ಕಾರಣವಲ್ಲ. ಎದೆ, ಭುಜ, ಕಿವಿಯ ಹಾಲೆಗಳ ಮೇಲೆ ಕೆಲವರಿಗೆ ಕಲೆ ಉಬ್ಬಿ, ಗಾಯದ ಗಡಿ ದಾಟಿ ಬೆಳೆಯುತ್ತದೆ. ಇದಕ್ಕೆ ಕೀಲಾಯ್ಡ್ ಎನ್ನುತ್ತಾರೆ, ಮನೆತನದಲ್ಲೇ ಬರುವುದುಂಟು. ಬಿಸಿಲು ಮುಚ್ಚಿದರೆ ಅದು ನಿಲ್ಲದು. ಉಬ್ಬು ಶುರುವಾದ ಕೂಡಲೇ ತೋರಿಸಿದರೆ ಸಿಲಿಕೋನ್ ಪಟ್ಟಿ, ಕಲೆಯೊಳಕ್ಕೆ ಕೊಡುವ ಇಂಜೆಕ್ಷನ್ ಇವುಗಳಿಂದ ಹತೋಟಿಗೆ ತರಬಹುದು. ಗಾಯ ಬಿಸಿಯಾಗಿ, ಕೀವು ಬಂದು, ಜ್ವರ ಕಾಣಿಸಿಕೊಂಡರೆ ಕಲೆಯ ಚಿಂತೆ ಬಿಟ್ಟು ಅದೇ ದಿನ ಆಪರೇಷನ್ ಮಾಡಿದವರ ಹತ್ತಿರ ಹೋಗಬೇಕು.

ಎಷ್ಟು ದಿನ ಮುಚ್ಚಿಕೊಳ್ಳಬೇಕು? ಈ ಯುಗಾದಿಗೆ ಆಪರೇಷನ್ ಆಗಿದ್ದರೆ ಮುಂದಿನ ಯುಗಾದಿಯವರೆಗೆ ಎಂದು ನಾನು ಹೇಳುತ್ತೇನೆ, ನೆನಪಿಡಲು ಸುಲಭ. ಅದಕ್ಕೂ ಮೊದಲೇ ಕೆಂಪು ಹೋಗಿ, ಮುಟ್ಟಿದರೆ ಸುತ್ತಲಿನ ಚರ್ಮದಷ್ಟೇ ಮೆತ್ತಗಾಗಿದ್ದರೆ ಕಲೆ ಮಾಗಿದೆ ಎಂದು ತಿಳಿಯಬಹುದು. ಈಗಾಗಲೇ ಕಪ್ಪಾಗಿದ್ದರೂ ಮುಚ್ಚಿಕೊಳ್ಳುವುದು ವ್ಯರ್ಥವಲ್ಲ. ಹೊಸ ಬಣ್ಣ ಬೀಳದಿದ್ದರೆ ಹಳೆಯದು ತಾನಾಗಿ ಕರಗಲು ಅವಕಾಶ ಸಿಗುತ್ತದೆ. ದಾಳಿಂಬೆ ತೋಟದ ಆ ಹುಡುಗಿಗೂ ನಾನು ಬರೆದುಕೊಟ್ಟದ್ದು ಒಂದು ದುಪಟ್ಟಾ ಮತ್ತು ಒಂದು ಸುರುಳಿ ಕಾಗದದ ಪ್ಲಾಸ್ಟರ್. ಹತ್ತು ತಿಂಗಳಲ್ಲಿ ಪಟ್ಟಿಯ ಅಂಚು ತಿಳಿಯಾಗಿ ಸಣ್ಣದಾಗಿದೆ, ನಡುವಿನ ಕಪ್ಪು ಇನ್ನೂ ಇದೆ.

ನಮ್ಮ ವೃತ್ತಿಯವರಲ್ಲಿ ನನ್ನದೊಂದು ಕೇಳಿಕೆ. ಡಿಸ್ಚಾರ್ಜ್ ಚೀಟಿಯ ಮೇಲೆ ಹೊಡೆಯಲು ಒಂದು ರಬ್ಬರ್ ಮೊಹರು ಮಾಡಿಸಲು ಇನ್ನೂರು ಮುನ್ನೂರು ರೂಪಾಯಿ ಸಾಕು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: 'ಹೊಲಿಗೆ ಬಿಚ್ಚಿದ ಮೇಲೆ ಒಂದು ವರ್ಷ ಈ ಕಲೆಯನ್ನು ಬಿಸಿಲಿನಿಂದ ಬಟ್ಟೆಯಲ್ಲಿ ಮುಚ್ಚಿಕೊಳ್ಳಿ.' ಓದಲು ಬಾರದವರಿಗೆ ನರ್ಸ್ ಒಬ್ಬರು ಓದಿ ಹೇಳಬಹುದು. ಅಂಥ ಮೊಹರು ಬರುವವರೆಗೆ, ಓದುಗರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಿದ್ದರೆ ಹೊಲಿಗೆ ಬಿಚ್ಚುವ ದಿನ ನೀವೇ ಕೇಳಿ: ಗಾಯ ಪೂರ್ತಿ ಮುಚ್ಚಿದೆಯೇ, ಪ್ಲಾಸ್ಟರ್ ಯಾವತ್ತಿನಿಂದ ಅಂಟಿಸಬಹುದು, ಕೆಲಸಕ್ಕೆ ಹೋಗುವಾಗ ಏನು ಕಟ್ಟಿಕೊಳ್ಳಬೇಕು. ರೋಗಿ ಏನು ಕೆಲಸ ಮಾಡುತ್ತಾರೆ ಎಂಬುದನ್ನೂ ಜೊತೆಗೆ ತಿಳಿಸಿ, ಎಷ್ಟೋ ಸಲ ನಾವು ಅದನ್ನು ಕೇಳುವುದೇ ಇಲ್ಲ.